ಸುಗ್ಗಿ ಮುಗಿದ ಮೇಲೆ

(ಧ್ಯಾನಭಾಗ: ರೂತಳು 2:23, 3:1)



ರೂತಳ ಗ್ರಂಥದ ಎರಡನೆಯ ಅಧ್ಯಾಯವು ಮುಗಿಯುವಲ್ಲಿ ಒಂದು ಚಿಕ್ಕ ಮಾತುಂಟು. ಸಾಧಾರಣವಾಗಿ ನಾವು ಅದನ್ನು ಓದಿ ದಾಟಿಹೋಗುತ್ತೇವೆ. ಜವೆಗೋದಿಯ ಸುಗ್ಗಿಯೂ ಗೋದಿಯ ಸುಗ್ಗಿಯೂ ತೀರುವ ವರೆಗೆ ರೂತಳು ಬೋವಜನ ಹೆಣ್ಣಾಳುಗಳ ಸಂಗಡ ಹಕ್ಕಲಾಯುತ್ತಾ ಅತ್ತೆಯ ಬಳಿಯಲ್ಲಿ ವಾಸವಾಗಿದ್ದಳೆಂಬದೇ ಆ ಮಾತಿನ ತಾತ್ಪರ್ಯವು. ಹಾಗಾದರೆ ಸುಗ್ಗಿ ತೀರಿದ ಮಾರನೆಯ ದಿನ ಏನಾಯಿತು? ಹೊಲವು ಬರಿದಾಗಿದೆ, ಆಯಲಿಕ್ಕೆ ತೆನೆಯಿಲ್ಲ, ಕೂಡ ದುಡಿದ ಹೆಣ್ಣಾಳುಗಳು ತಮ್ಮ ತಮ್ಮ ಮನೆಗಳಿಗೆ ಹೋಗಿದ್ದಾರೆ. ಆ ಮುಂಜಾನೆ ರೂತಳು ಎದ್ದು ಎಲ್ಲಿಗೆ ಹೋಗಬೇಕು? ಈ ಪ್ರಶ್ನೆಯೇ ಈ ತಿಂಗಳ ನಮ್ಮ ಧ್ಯಾನದ ವಿಷಯವು.

ಇಂಥ ಮುಂಜಾನೆಯು ನಮ್ಮ ಸಭೆಗಳ ಅನೇಕ ಸ್ತ್ರೀಯರ ಜೀವಮಾನದಲ್ಲಿ ಬರುತ್ತಲಿದೆ. ಮೂವತ್ತು ವರುಷ ರೋಗಿಗಳ ಬಳಿಯಲ್ಲಿ ಎಚ್ಚರವಾಗಿದ್ದ ನರ್ಸಮ್ಮನವರು ನಿವೃತ್ತರಾಗಿ ಹಳ್ಳಿಗೆ ಮರಳುತ್ತಾರೆ; ಈಗ ನಡುರಾತ್ರಿಯಲ್ಲಿ ಎಚ್ಚರವಾದರೆ ಅವರನ್ನು ಕರೆಯುವವರು ಯಾರೂ ಇಲ್ಲ. ಕರಾವಳಿಯಲ್ಲಿ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಿಗೆ ಕಂಟ್ರಾಕ್ಟರನು ಎಲೆ ಕೊಡುವದನ್ನು ಕಡಮೆಮಾಡುತ್ತಾನೆ. ಗಾರ್ಮೆಂಟ್ ಕಾರ್ಖಾನೆಗೆ ದಿನಾಲು ಬಸ್ಸು ಹತ್ತಿ ಹೋಗುತ್ತಿದ್ದವಳು ಒಂದು ದಿನ ಅದರ ಬಾಗಿಲಿಗೆ ಬೀಗ ಬಿದ್ದಿರುವದನ್ನು ಕಾಣುತ್ತಾಳೆ. ಒಬ್ಬಳು ಮದುವೆಯಾಗಿ ಬೇರೆ ಜಿಲ್ಲೆಗೆ ಹೋದದ್ದರಿಂದ ತಾನು ಕಲಿತ ಉಪಾಧ್ಯಾಯಿನಿಯ ಕೆಲಸವನ್ನು ಬಿಟ್ಟಿದ್ದಾಳೆ. ಒಬ್ಬಳ ಗಂಡನು ತೀರಿಹೋಗಿದ್ದಾನೆ. ಮತ್ತೊಬ್ಬಳ ಮಕ್ಕಳೆಲ್ಲರು ಬೆಂಗಳೂರಿಗೂ ಅರಬ್ ದೇಶಗಳಿಗೂ ಹೋಗಿರಲಾಗಿ, ಆರು ಜನರಿಗೆ ಅನ್ನ ಬೆಂದ ಒಲೆಯ ಮೇಲೆ ಈಗ ಒಬ್ಬಳ ಪಾಲು ಮಾತ್ರ ಬೇಯುತ್ತದೆ. ಗಂಡಸು ನಿವೃತ್ತನಾದರೆ ಹಾರ ಹಾಕಿ ಭಾಷಣ ಮಾಡುತ್ತಾರೆ. ಹೆಂಗಸಿನ ಕೈಕೆಲಸ ನಿಂತರೆ ಹೆಚ್ಚಾಗಿ ಯಾರೂ ಕೇಳುವದಿಲ್ಲ. ಆಕೆಯಾದರೋ ಯಾರಿಗೂ ಹೇಳದೆ, “ಇನ್ನು ನನ್ನಿಂದ ಯಾರಿಗೆ ಏನು ಪ್ರಯೋಜನ?” ಎಂದು ತನ್ನೊಳಗೆ ಅಂದುಕೊಳ್ಳುತ್ತಾಳೆ. ಈ ಮಾತನ್ನು ನಾವು ಹಗುರವಾಗಿ ಎಣಿಸಬಾರದು. ಗೆದ್ದಲು ತೊಲೆಯನ್ನು ಹೊರಗೆ ಕಾಣದಂತೆ ತಿನ್ನುವ ಪ್ರಕಾರ ಇದು ವಿಶ್ವಾಸವನ್ನು ಒಳಗಿನಿಂದ ತಿನ್ನುತ್ತದೆ.

ಇದು ಹೊಸ ಸಂಗತಿಯಲ್ಲ. 19ನೆಯ ಶತಮಾನದಲ್ಲಿ ದೀಕ್ಷಾಸ್ನಾನ ಹೊಂದಿದ ಕಾರಣದಿಂದಲೇ ಮನೆಯನ್ನೂ ಗೇಣಿಯ ಗದ್ದೆಯನ್ನೂ ಕುಲಕಸಬನ್ನೂ ಕಳಕೊಂಡ ಕುಟುಂಬಗಳು ನಮ್ಮ ಕರಾವಳಿಯಲ್ಲಿದ್ದವು. ಅಂಥವರಿಗೆ ಉದ್ಯೋಗವಾಗಲೆಂದು ಬಾಸೆಲ್ ಮಿಶನಿನವರು ಮಂಗಳೂರಿನಲ್ಲಿ ನೇಯ್ಗೆಯ ಕೆಲಸವನ್ನು ಸ್ಥಾಪಿಸಿ, 1865ರಲ್ಲಿ ಹಂಚಿನ ಕಾರ್ಖಾನೆಯನ್ನೂ ತೆರೆದರು. ಗದ್ದೆಯಲ್ಲಿ ನೇಜಿ ನೆಟ್ಟ ಕೈಗಳು ನೂಲನ್ನೂ ಜೇಡಿಮಣ್ಣನ್ನೂ ಹಿಡಿಯಲು ಕಲಿತವು. 1914ರಲ್ಲಿ ಆರಂಭವಾದ ಯುದ್ಧದ ದೆಸೆಯಿಂದ ಆ ಕಾರ್ಖಾನೆಗಳು ಮಿಶನಿನ ಕೈತಪ್ಪಿ ಬೇರೆಯವರ ವಶವಾದವು. ಮುಂದೆ ಕಾಂಕ್ರೀಟಿನ ಮಾಳಿಗೆಗಳು ಹೆಚ್ಚಿದಂತೆ ಹಂಚಿನ ಬೇಡಿಕೆಯು ಕುಗ್ಗಿತು. ಅನೇಕ ಹೊಗೆಕೊಳವೆಗಳು ಆರಿಹೋದವು. ಆದರೆ ಆ ಕೆಲಸ ಮಾಡಿದ ಅಜ್ಜಿಯರ ಮೊಮ್ಮಕ್ಕಳು ಈ ದಿನವೂ ಅದೇ ದೇವಾಲಯಗಳಲ್ಲಿ ಹಾಡುತ್ತಿದ್ದಾರೆ. ಕೆಲಸವು ಹೋಯಿತು, ಆ ಕೆಲಸದಿಂದ ಪೋಷಿಸಲ್ಪಟ್ಟ ವಿಶ್ವಾಸವು ಹೋಗಲಿಲ್ಲ.

ಆದಕಾರಣ ಈ ದಿನ ನಾನು ನಿಮ್ಮ ಮುಂದೆ ಇಡಬೇಕೆಂದಿರುವ ಸತ್ಯವು ಒಂದೇ. ಅದೇನಂದರೆ, ಕೆಲಸಕ್ಕೆ ಸುಗ್ಗಿಯುಂಟು, ಅದು ತೀರುತ್ತದೆ; ದೇವರ ಕರೆಗೆ ಸುಗ್ಗಿಯಿಲ್ಲ, ಅದು ತೀರುವದಿಲ್ಲ. ಇದನ್ನು ಮೂವರು ಸ್ತ್ರೀಯರ ಚರಿತ್ರೆಯಿಂದ ವಿಚಾರಿಸೋಣ. ಅವರಲ್ಲಿ ಇಬ್ಬರು ಸತ್ಯವೇದದವರು, ಒಬ್ಬರು ನಮ್ಮ ಘಟ್ಟದ ಸೀಮೆಯಲ್ಲಿ ಹುಟ್ಟಿದವರು.

ಮೊದಲು ರೂತಳನ್ನೂ ಆಕೆಯ ಅತ್ತೆಯನ್ನೂ ನೋಡೋಣ. ನೊವೊಮಿಯು ಬರಗಾಲದ ನಿಮಿತ್ತ ಬೇತ್ಲೆಹೇಮನ್ನು ಬಿಟ್ಟು ಗಂಡನೊಡನೆ ಮೋವಾಬ್ ದೇಶಕ್ಕೆ ಹೋದವಳು. ಅಲ್ಲಿ ಗಂಡನು ಸತ್ತನು. ಹತ್ತು ವರುಷಗಳಾಗುವಷ್ಟರಲ್ಲಿ ಇಬ್ಬರು ಗಂಡುಮಕ್ಕಳೂ ಸತ್ತರು. ಹೆಂಡತಿಯ ಕೆಲಸವೂ ತಾಯಿಯ ಕೆಲಸವೂ ಒಟ್ಟಿಗೆ ಕೈಬಿಟ್ಟುಹೋದ ಆ ಮುದುಕಿಯು ಊರಿಗೆ ಮರಳಿದಾಗ, ಊರ ಹೆಂಗಸರು ಆಕೆಯ ಗುರುತು ಸಿಕ್ಕದವರಂತೆ ಇವಳೇ ನೊವೊಮಿಯೋ ಎಂದು ಕೇಳಿದರು. ಆಕೆಯು, ಸುಖವೆಂಬ ಅರ್ಥದ ಆ ಹೆಸರು ನನಗೆ ಬೇಡ, ಕಹಿಯೆಂಬ ಅರ್ಥದ ಮಾರಾ ಎಂದೇ ಕರೆಯಿರಿ. ತುಂಬಿದವಳಾಗಿ ಹೋದೆನು, ಬರಿದಾಗಿ ಬಂದೆನು ಎಂಬ ಭಾವದಿಂದ ಉತ್ತರಕೊಟ್ಟಳು.

ಸಹೋದರಿಯರೇ, ಇಲ್ಲಿ ಒಂದು ವಿಷಯವನ್ನು ಗಮನಿಸಿರಿ. ನೊವೊಮಿಯ ಈ ಕಹಿ ಮಾತನ್ನು ಪವಿತ್ರಾತ್ಮನು ಗ್ರಂಥದಿಂದ ಅಳಿಸಲಿಲ್ಲ. ಆಕೆಯ ಬಾಯಿ ಮುಚ್ಚಿಸಿದವರೂ ಅಲ್ಲಿ ಕಾಣುವದಿಲ್ಲ. ನಮ್ಮಲ್ಲಾದರೋ ಒಬ್ಬಳು ಅತ್ತರೆ ಕೂಡಲೆ, ಎಲ್ಲವೂ ಒಳ್ಳೇದಕ್ಕೇ ಆಯಿತು, ವಿಶ್ವಾಸಿಯು ಅಳಬಾರದು ಎಂದು ಹೇಳುವವರು ಬಹಳ. ಕಾರ್ಖಾನೆಯು ಮುಚ್ಚಿದ್ದು ಮನುಷ್ಯರ ಲೆಕ್ಕಾಚಾರದಿಂದ; ಅದನ್ನು ದೇವರ ತಲೆಯ ಮೇಲೆ ಹೊರಿಸಿ ಬೇಗನೆ ಸಮಾಧಾನ ಹೇಳುವದು ಭಕ್ತಿಯಲ್ಲ. ಕಳಕೊಂಡದ್ದು ನಿಜವಾಗಿ ಕಳಕೊಂಡದ್ದೇ. ನಮ್ಮ ಕರ್ತನೂ ಲಾಜರನ ಸಮಾಧಿಯ ಬಳಿಯಲ್ಲಿ, ತಾನು ಇನ್ನು ಸ್ವಲ್ಪ ಹೊತ್ತಿನಲ್ಲಿ ಅವನನ್ನು ಎಬ್ಬಿಸುವೆನೆಂದು ತಿಳಿದಿದ್ದರೂ, ಕಣ್ಣೀರು ಸುರಿಸಿದನಲ್ಲವೇ? ಆದದರಿಂದ ಕೆಲಸವನ್ನಾಗಲಿ ಗಂಡನನ್ನಾಗಲಿ ಆರೋಗ್ಯವನ್ನಾಗಲಿ ಕಳಕೊಂಡ ಸಹೋದರಿಯು ದೇವರ ಮುಂದೆ ತನ್ನ ಕಹಿಯನ್ನು ಬಾಯಿಬಿಟ್ಟು ಹೇಳಲಿ. ಬೇತ್ಲೆಹೇಮಿನ ದಾರಿ ಹಿಡಿದೇ ನೊವೊಮಿಯು ಆ ಮಾತನ್ನು ಆಡಿದಳು. ಕಹಿಯಾಗಿದ್ದರೂ ದೇವಜನರ ಊರಿಗೆ ಬಂದೇ ಬಂದಳು. ಅಷ್ಟು ಸಾಕು.

ರೂತಳು ಆಗ ಏನು ಮಾಡಿದಳು? ಪರದೇಶದವಳು, ವಿಧವೆ, ಆ ಊರಿನಲ್ಲಿ ಹೆಸರಿಲ್ಲದವಳು. ಆಕೆಯು ಮೋವಾಬಿನಲ್ಲಿ ತಾನು ಏನಾಗಿದ್ದೆನೆಂದು ಎಣಿಸುತ್ತಾ ಮನೆಯ ಮೂಲೆಯಲ್ಲಿ ಕೂತುಕೊಳ್ಳಲಿಲ್ಲ. ದೊಡ್ಡದಾದ ಒಂದು ಕರೆ ಆಕಾಶದಿಂದ ಬರಲೆಂದು ಕಾಯಲೂ ಇಲ್ಲ. ಸುಗ್ಗಿಯ ಕಾಲವಾಗಿತ್ತು, ಹಕ್ಕಲಾಯಲಿಕ್ಕೆ ಹೋಗಲೋ ಎಂದು ಅತ್ತೆಯ ಅಪ್ಪಣೆ ಕೇಳಿದಳು, ಹೊಲಕ್ಕೆ ಹೋಗಿ ಕೊಯ್ಯುವವರ ಮೇಲ್ವಿಚಾರಕನ ಅಪ್ಪಣೆಯನ್ನೂ ಕೇಳಿದಳು, ಬೆಳಿಗ್ಗೆಯಿಂದ ಸಾಯಂಕಾಲದ ವರೆಗೆ ಆಯ್ದು, ಆಯ್ದದ್ದನ್ನು ಬಡಿದು ತೂರಿದಾಗ ಒಂದು ಏಫದಷ್ಟು ಜವೆಗೋದಿಯಾಯಿತು. ಈಗಿನ ಅಳತೆಯಲ್ಲಿ ಅದು ಸುಮಾರು 20 ಲೀಟರಿಗಿಂತ ಹೆಚ್ಚು. ಮೊದಲ ದಿನದ ದುಡಿಮೆಗೆ ಅದು ಕಡಮೆಯೇನೂ ಅಲ್ಲ.

ಇನ್ನೊಂದು ಮಾತು. ಹಕ್ಕಲು ಎಂಬದು ಭಿಕ್ಷೆಯಲ್ಲ, ಹಕ್ಕು. ಹೊಲದ ಮೂಲೆಗಳನ್ನು ಪೂರಾ ಕೊಯ್ಯಬಾರದು, ಉದುರಿದ ತೆನೆಗಳನ್ನು ಬಡವರಿಗೂ ಪರದೇಶಿಗಳಿಗೂ ವಿಧವೆಯರಿಗೂ ಬಿಡಬೇಕೆಂದು ಮೋಶೆಯ ಧರ್ಮಶಾಸ್ತ್ರದಲ್ಲಿಯೇ ದೇವರು ನೇಮಿಸಿದ್ದನು (ಯಾಜಕಕಾಂಡ 19, ಧರ್ಮೋಪದೇಶಕಾಂಡ 24). ರೂತಳು ತಲೆತಗ್ಗಿಸಿ ಬೇಡಲಿಲ್ಲ. ದೇವರು ತನ್ನಂಥವರಿಗಾಗಿ ಇಟ್ಟದ್ದನ್ನು ವಿನಯದಿಂದ ಕೇಳಿದಳು. ಆದದರಿಂದ ತನಗೆ ನ್ಯಾಯವಾಗಿ ಸಲ್ಲತಕ್ಕದ್ದನ್ನು ಕೇಳುವ ಸ್ತ್ರೀಯನ್ನು ಆಶೆಬುರುಕಳೆಂದು ಯಾರೂ ಹೇಳದಿರಲಿ.

ಆದರೆ ಪಸ್ಕದ ಹಬ್ಬದಿಂದ ಪಂಚಾಶತ್ತಮದ ಹಬ್ಬದ ವರೆಗೆ, ಅಂದರೆ ಸುಮಾರು ಏಳು ವಾರಗಳಲ್ಲಿ, ಜವೆಗೋದಿಯ ಸುಗ್ಗಿಯೂ ಗೋದಿಯ ಸುಗ್ಗಿಯೂ ತೀರಿಹೋಗುವವು. ರೂತಳ ಕೆಲಸವೂ ತೀರಿತು. ಆಕೆಯು ಸೋಮಾರಿಯಾದದ್ದರಿಂದ ತೀರಿತೋ? ಇಲ್ಲ. ಆಕೆಯಲ್ಲಿ ಪಾಪವಿದ್ದದ್ದರಿಂದ ತೀರಿತೋ? ಇಲ್ಲ. ಕಾಲವು ತುಂಬಿದ್ದರಿಂದ ತೀರಿತು, ಅಷ್ಟೇ. ಪ್ರಿಯ ಸಹೋದರಿಯೇ, ಸುಗ್ಗಿ ಮುಗಿದದ್ದು ಹಕ್ಕಲಾಯುವವಳ ತಪ್ಪಲ್ಲ. ಈ ಮಾತನ್ನು ನಿನ್ನ ಹೃದಯದಲ್ಲಿ ಬರೆದುಕೋ. ಎಲೆ ಬಾರದೆ ಹೋದದ್ದೂ ಕಾರ್ಖಾನೆಗೆ ಬೀಗ ಬಿದ್ದದ್ದೂ ವಯಸ್ಸು ಅರುವತ್ತಾದದ್ದೂ ನಿನ್ನ ಮೇಲೆ ದೇವರ ಕೋಪವೆಂದು ಎಣಿಸಬೇಡ.

ಇನ್ನು ಮೂರನೆಯ ಅಧ್ಯಾಯವು ಹೇಗೆ ಆರಂಭವಾಗುತ್ತದೆಂದು ನೋಡಿರಿ. ಹೊಲವು ಬರಿದಾದ ಆ ಹೊತ್ತಿನಲ್ಲಿಯೇ, ಹಿಂದೆ ತನ್ನನ್ನು ಬರಿದಾದವಳೆಂದು ಹೇಳಿಕೊಂಡ ನೊವೊಮಿಯು ಎದ್ದು, ಮಗಳೇ, ನಿನಗೆ ಒಂದು ಆಶ್ರಯವನ್ನು ನಾನು ಹುಡುಕಬೇಕಲ್ಲವೇ ಎಂಬ ಆಲೋಚನೆಯನ್ನು ಮಾಡುತ್ತಾಳೆ. ತನ್ನ ದುಃಖದಲ್ಲಿ ಮುಳುಗಿದವಳು ಮತ್ತೊಬ್ಬಳ ನಾಳೆಯನ್ನು ಯೋಚಿಸಲಿಕ್ಕೆ ತೊಡಗಿದಳು. ಆಕೆಯ ಸ್ವಸ್ಥತೆಯ ಆರಂಭವು ಅದೇ. ಮುಂದೆ ಬೋವಜನು ರೂತಳನ್ನು ಹೊಗಳುವಾಗ ಆಕೆಯ ಕೈಯ ಚುರುಕುತನವನ್ನು ಹೊಗಳಲಿಲ್ಲ. ಆಕೆಯು ಮೊದಲು ತೋರಿಸಿದ ಪ್ರೀತಿನಿಷ್ಠೆಗಿಂತ ಕಡೆಯಲ್ಲಿ ತೋರಿಸಿದ್ದು ಹೆಚ್ಚಿನದೆಂದು ಹೊಗಳಿದನು. ಮೋವಾಬಿನಲ್ಲಿ ಸೊಸೆಯಾಗಿ, ಹೊಲದಲ್ಲಿ ಹಕ್ಕಲಾಯುವವಳಾಗಿ, ಕಡೆಗೆ ಬೇತ್ಲೆಹೇಮಿನಲ್ಲಿ ಗೃಹಿಣಿಯಾಗಿ ಆಕೆಯ ಕೆಲಸವು ಮೂರು ಸಾರಿ ಬದಲಾಯಿತು. ಆ ನಿಷ್ಠೆಯು ಬದಲಾಗಲಿಲ್ಲ. ಕೆಲಸವು ಪಾತ್ರೆ, ಪ್ರೀತಿಯು ಅದರೊಳಗಿನ ನೀರು. ಪಾತ್ರೆ ಒಡೆದರೆ ಬಾವಿಯು ಬತ್ತಿತೆಂದು ಅಳುವವಳು ಯಾರು?

ನೊವೊಮಿಗೆ ಏನಾಯಿತು? ಓಬೇದನೆಂಬ ಕೂಸನ್ನು ಮಡಿಲಲ್ಲಿಟ್ಟುಕೊಂಡು ಆಕೆಯು ಅದರ ದಾದಿಯಾದಳು. ಬರಿಗೈಯಲ್ಲಿ ಬಂದೆನೆಂದವಳ ಮುದಿವಯಸ್ಸಿಗೆ ಹೊಸ ಕೆಲಸ ದೊರಕಿತು. ಆ ಕೂಸಿನ ಮೊಮ್ಮಗನೇ ಅರಸನಾದ ದಾವೀದನು. ಆದರೆ ಮದುವೆಯೂ ಕೂಸೂ ಮಾತ್ರವೇ ಸ್ತ್ರೀಯ ಖಾಲಿತನಕ್ಕೆ ದೇವರು ಕೊಡುವ ಉತ್ತರವೆಂದು ಯಾರೂ ತಿಳಿಯಬಾರದು. ಆದಕಾರಣ ಎರಡನೆಯವಳನ್ನು ನೋಡೋಣ.

ಪ್ರಿಸ್ಕಿಲ್ಲಳಿಗೆ ಮಕ್ಕಳಿದ್ದರೆಂದು ಸತ್ಯವೇದವು ಎಲ್ಲಿಯೂ ಹೇಳುವದಿಲ್ಲ. ಆಕೆಯೂ ಆಕೆಯ ಗಂಡನಾದ ಅಕ್ವಿಲನೂ ಗುಡಾರ ಮಾಡುವ ಕಸಬಿನವರು, ರೋಮಾಪುರದಲ್ಲಿ ಇದ್ದವರು. ಯೆಹೂದ್ಯರೆಲ್ಲರು ರೋಮಾಪುರವನ್ನು ಬಿಟ್ಟುಹೋಗಬೇಕೆಂದು ಕ್ಲೌದ್ಯ ಚಕ್ರವರ್ತಿಯು ಆಜ್ಞೆ ಮಾಡಿದನು; ಅದು ಕ್ರಿ. ಶ. 49ರ ಸುಮಾರಿಗೆಂದು ಚರಿತ್ರೆಕಾರರು ಎಣಿಸುತ್ತಾರೆ. ಹೀಗೆ ಅಂಗಡಿಯೂ ಗಿರಾಕಿಗಳೂ ನೆರೆಹೊರೆಯೂ ಒಂದೇ ಆಜ್ಞೆಯಿಂದ ಹೋದವು. ಅವರು ಕೊರಿಂಥಕ್ಕೆ ಬಂದು ಪುನಃ ಸೂಜಿ ಹಿಡಿದರು. ಅಲ್ಲಿ ಅದೇ ಕಸಬಿನವನಾದ ಪೌಲನು ಅವರ ಮನೆಯಲ್ಲಿ ಇಳಿದುಕೊಂಡು ಅವರ ಸಂಗಡ ಕೆಲಸಮಾಡಿದನು. ಆಮೇಲೆ ಎಫೆಸಕ್ಕೆ ಹೋದರು. ಅಲ್ಲಿ ವಾಕ್ಚಾತುರ್ಯವುಳ್ಳ ಅಪೊಲ್ಲೋಸನನ್ನು ತಮ್ಮ ಮನೆಗೆ ಕರಕೊಂಡು ಹೋಗಿ ದೇವರ ಮಾರ್ಗವನ್ನು ಇನ್ನೂ ಸೂಕ್ಷ್ಮವಾಗಿ ತಿಳಿಸಿದರು. ರೋಮಾಪುರದವರಿಗೆ ಪೌಲನು ಪತ್ರ ಬರೆಯುವಾಗ ಅವರು ತಿರಿಗಿ ಆ ಪಟ್ಟಣದಲ್ಲಿದ್ದು, ಅವರ ಮನೆಯಲ್ಲಿ ಸಭೆ ಕೂಡುತ್ತಿತ್ತು.

ಹೊಸ ಒಡಂಬಡಿಕೆಯಲ್ಲಿ ಈ ದಂಪತಿಗಳ ಹೆಸರು ಆರು ಕಡೆ ಬರುತ್ತದೆ. ಅವುಗಳಲ್ಲಿ ನಾಲ್ಕು ಕಡೆ ಹೆಂಡತಿಯ ಹೆಸರು ಮೊದಲು ಬಂದಿದೆ. ಆ ಕಾಲದಲ್ಲಿ ಇದು ಅಪರೂಪದ ಗೌರವವು. ಪ್ರಿಸ್ಕಿಲ್ಲಳು ಊರಿಂದೂರಿಗೆ ಏನನ್ನು ಕೊಂಡುಹೋದಳು? ಮನೆಯನ್ನು ಹೊತ್ತುಕೊಂಡು ಹೋಗಲಾಗಲಿಲ್ಲ. ಆದರೆ ಕೈಯ ಕಸಬು, ತಲೆಯೊಳಗಿನ ದೇವರ ವಾಕ್ಯ, ಅತಿಥಿಗೆ ಬಾಗಿಲು ತೆರೆಯುವ ಮನಸ್ಸು, ಈ ಮೂರನ್ನು ಯಾವ ಚಕ್ರವರ್ತಿಯೂ ಕಸಿಯಲಾರದೆ ಹೋದನು. ವರ್ಗವಾಗಿ ಊರು ಬಿಟ್ಟವಳೇ, ಮದುವೆಯಾಗಿ ಬೇರೆ ಸೀಮೆಗೆ ಬಂದವಳೇ, ನಿನ್ನ ಹಳೆಯ ಶಾಲೆಯು ನಿನ್ನೊಂದಿಗೆ ಬರಲಿಲ್ಲ. ಮಕ್ಕಳಿಗೆ ಅಕ್ಷರ ತಿದ್ದಿಸುವ ನಿನ್ನ ತಾಳ್ಮೆಯು ಬಂದಿದೆ. ನಿವೃತ್ತರಾದ ನರ್ಸಮ್ಮನವರೇ, ತಾವು ಬಿಳಿಯ ಸಮವಸ್ತ್ರವನ್ನು ಆಸ್ಪತ್ರೆಯಲ್ಲಿ ಬಿಟ್ಟುಬಂದಿರಿ. ನಾಡಿ ಹಿಡಿಯುವ ಬೆರಳುಗಳನ್ನು ಬಿಟ್ಟುಬರಲಿಲ್ಲ.

ಮೂರನೆಯವರು ಪಂಡಿತಾ ರಮಾಬಾಯಿಯವರು. ಇವರು 1858ರಲ್ಲಿ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದರು. ತಂದೆಯಾದ ಅನಂತಶಾಸ್ತ್ರಿ ಡೋಂಗ್ರೆಯವರು ಹೆಂಗಸರಿಗೆ ಸಂಸ್ಕೃತ ಕಲಿಸಬಾರದೆಂಬ ಆ ಕಾಲದ ನಿಯಮವನ್ನು ಲಕ್ಷ್ಯಮಾಡದೆ ತಮ್ಮ ಹೆಂಡತಿಗೆ ಕಲಿಸಿದರು. ಆ ತಾಯಿಯು ಮಗಳಿಗೆ ಕಲಿಸಿದರು. ಕುಟುಂಬವು ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆದು ಪುರಾಣ ಓದಿ ಜೀವಿಸುತ್ತಿತ್ತು. 1870ರ ದಶಕದ ಕ್ಷಾಮದಲ್ಲಿ ತಂದೆತಾಯಿಗಳು ಸತ್ತರು. ರಮಾಬಾಯಿಯವರು ಅಣ್ಣನೊಡನೆ 1878ರಲ್ಲಿ ಕಲ್ಕತ್ತೆಗೆ ಬಂದಾಗ ಅಲ್ಲಿಯ ವಿದ್ವಾಂಸರು ಅವರಿಗೆ ಪಂಡಿತಾ ಎಂದೂ ಸರಸ್ವತಿ ಎಂದೂ ಬಿರುದುಕೊಟ್ಟರು. 1880ರಲ್ಲಿ ಅಣ್ಣನು ತೀರಿಹೋದನು. ಅದೇ ವರುಷ ಬಂಗಾಳದ ಒಬ್ಬ ವಕೀಲರೊಂದಿಗೆ ವಿವಾಹವಾಯಿತು. 1882ರಲ್ಲಿ ಅವರೂ ವಾಂತಿಭ್ರಾಂತಿಯಿಂದ ತೀರಿಹೋದರು. ಇಪ್ಪತ್ತನಾಲ್ಕು ವಯಸ್ಸು ತುಂಬದ ವಿಧವೆ. ಮಡಿಲಲ್ಲಿ ಒಂದು ವರುಷವೂ ತುಂಬದ ಹೆಣ್ಣುಕೂಸು.

ಆಗ ಅವರು ವೈದ್ಯವಿದ್ಯೆ ಕಲಿತು ದೇಶದ ಸ್ತ್ರೀಯರ ಸೇವೆಮಾಡಬೇಕೆಂಬ ಆಶೆಯಿಂದ 1883ರಲ್ಲಿ ಇಂಗ್ಲೆಂಡಿಗೆ ಹೋದರು. ಆದರೆ ಅವರ ಕಿವಿ ಮಂದವಾಗುತ್ತಾ ಬಂದದ್ದರಿಂದ ಆ ಬಾಗಿಲು ಮುಚ್ಚಿಹೋಯಿತು. ಸಮುದ್ರ ದಾಟಿ ಹೋಗಿ, ಹೋದ ಕೆಲಸಕ್ಕೆ ತಾನು ತಕ್ಕವಳಲ್ಲವೆಂದು ಕೇಳುವದು ಎಂಥ ನೋವೆಂದು ಯೋಚಿಸಿರಿ. ಆ ವರುಷವೇ ಅವರು ದೀಕ್ಷಾಸ್ನಾನ ಹೊಂದಿದರು. ಉಪಾಧ್ಯಾಯಿನಿಯ ಕೆಲಸದ ಕಡೆಗೆ ತಿರುಗಿ, 1886ರಲ್ಲಿ ಅಮೇರಿಕಕ್ಕೆ ಹೋಗಿ ಚಿಕ್ಕ ಮಕ್ಕಳಿಗೆ ಕಲಿಸುವ ಹೊಸ ಕ್ರಮವನ್ನು ಅಭ್ಯಾಸಮಾಡಿದರು. 1889ರಲ್ಲಿ ಬೊಂಬಾಯಿಯಲ್ಲಿ ವಿಧವೆಯರಿಗೋಸ್ಕರ ಶಾರದಾ ಸದನವನ್ನು ತೆರೆದರು. 1896ರಲ್ಲಿ ಮಧ್ಯ ಪ್ರಾಂತ್ಯದಲ್ಲಿ ಕ್ಷಾಮ ಬಿದ್ದಾಗ, ಹಸಿವಿನಿಂದ ತಂದೆತಾಯಿಗಳನ್ನು ಕಳಕೊಂಡ ಆ ಹಳೆಯ ದಿನಗಳನ್ನು ಮರೆಯದ ಅವರು, ನೂರಾರು ಹೆಣ್ಣುಮಕ್ಕಳನ್ನು ಅಲ್ಲಿಂದ ಕರತಂದು ಪುಣೆಯ ಸಮೀಪದ ಕೇಡಗಾಂವದಲ್ಲಿ ಪೋಷಿಸಿದರು. ಅದೇ ಮುಕ್ತಿ ಮಿಶನು. ಈ ದಿನವೂ ಅದು ನಡೆಯುತ್ತದೆ.

ಕಡೆಯ ವರುಷಗಳಲ್ಲಿ ಅವರು ಇಬ್ರಿಯ ಗ್ರೀಕ್ ಭಾಷೆಗಳನ್ನು ಕಲಿತು, ಓದುಬರಹ ಕಡಮೆಯಿರುವ ಹಳ್ಳಿಯ ಹೆಂಗಸರಿಗೂ ತಿಳಿಯುವಂಥ ಮರಾಠಿಯಲ್ಲಿ ಸತ್ಯವೇದವನ್ನು ಭಾಷಾಂತರಿಸುವದರಲ್ಲಿ ತೊಡಗಿದರು. ಅವರ ಮಗಳಾದ ಮನೋರಮಾಬಾಯಿಯವರು ಕೆಲಸದಲ್ಲಿ ತಾಯಿಯ ಬಲಗೈಯಾಗಿದ್ದರು. ನಮ್ಮ ಗುಲ್ಬರ್ಗದಲ್ಲಿಯೂ 1912ರಲ್ಲಿ ಶಾಲೆಯನ್ನು ಸ್ಥಾಪಿಸಿದವರು ಅವರೇ. ಆ ಮಗಳು 1921ರಲ್ಲಿ ತಾಯಿಗಿಂತ ಮೊದಲೇ ತೀರಿಹೋದರು. ಆದರೂ ತಾಯಿಯು ಭಾಷಾಂತರವನ್ನು ಕೈಬಿಡಲಿಲ್ಲ. 1922ರ ಏಪ್ರಿಲ್ 5ರಂದು ಅವರೂ ಕರ್ತನಲ್ಲಿ ನಿದ್ರೆಹೋದರು.

ಸಹೋದರಿಯರೇ, ಇಲ್ಲಿ ದೇವರ ಕೈಯನ್ನು ನೋಡಿರಿ. ತಾಯಿಯಿಂದ ಕಲಿತ ವ್ಯಾಕರಣವು ಪುರಾಣ ಓದುವ ಕೆಲಸ ನಿಂತಾಗ ವ್ಯರ್ಥವಾಯಿತೆಂದು ಕಾಣಬಹುದಾಗಿತ್ತು. ಭಾಷೆಯ ಆ ಶಿಕ್ಷಣವೇ ಅನೇಕ ವರುಷಗಳ ನಂತರ ದೇವರ ವಾಕ್ಯದ ಭಾಷಾಂತರಕ್ಕೆ ಬೇಕಾಯಿತು. ವೈದ್ಯಳಾಗಲಾರೆನೆಂದು ತಿಳಿದಾಗ ಬದುಕೇ ತಪ್ಪಿತೆಂದು ಕಾಣಬಹುದಾಗಿತ್ತು. ಆಕೆ ಪೋಷಿಸಿದ ಹೆಣ್ಣುಮಕ್ಕಳನ್ನು ಎಣಿಸಿದರೆ ಹಾಗೆ ಹೇಳುವವರು ಯಾರು? ಹಳೆಯ ಸೀರೆಗಳನ್ನು ಒಂದರ ಮೇಲೊಂದಿಟ್ಟು ಕೌದಿ ಹೊಲಿಯುವ ಅಜ್ಜಿಯು ಒಂದು ತುಂಡನ್ನೂ ಬಿಸಾಡುವದಿಲ್ಲ. ನಮ್ಮ ದೇವರೂ ನಮ್ಮ ಹಿಂದಿನ ದಿನಗಳ ಒಂದು ತುಂಡನ್ನೂ ಬಿಸಾಡುವವನಲ್ಲ.

ಇನ್ನು ಈ ಚರಿತ್ರೆಗಳಿಂದ ನಾವು ನಡಿಸಬೇಕಾದ ಕೆಲವು ಕಾರ್ಯಗಳನ್ನು ಹೇಳುತ್ತೇನೆ.

ಒಂದನೆಯದಾಗಿ, ಕೈಯಲ್ಲಿ ಇರುವದನ್ನು ಎಣಿಸು. ಸಾಲಗಾರನು ಮಕ್ಕಳನ್ನು ಒಯ್ಯಲು ಬಂದಾಗ ಮೊರೆಯಿಟ್ಟ ವಿಧವೆಯನ್ನು ಎಲೀಷನು, ನಿನ್ನ ಮನೆಯಲ್ಲಿ ಏನುಂಟು ಎಂದು ಕೇಳಿದನು (2 ಅರಸುಗಳು 4). ಆಕೆಯಲ್ಲಿದ್ದದ್ದು ಒಂದು ಮೊಗೆ ಎಣ್ಣೆ ಮಾತ್ರ. ದೇವರು ಅದರಿಂದಲೇ ಆರಂಭಿಸಿದನು. ಒಂದು ಕಾಗದ ತೆಗೆದುಕೊಂಡು, ನನ್ನ ಕೈಗೆ ಏನು ಬರುತ್ತದೆ, ನನ್ನನ್ನು ನಂಬುವವರು ಯಾರು, ನಾನು ಯಾರಿಗೆ ಏನು ಕಲಿಸಬಲ್ಲೆನು ಎಂದು ಬರೆ. ಬರೆಯಲು ಬಾರದಿದ್ದರೆ ಮೊಮ್ಮಗಳಿಂದ ಬರೆಸು. ಏನೂ ಇಲ್ಲವೆಂದವಳ ಕಾಗದವು ತುಂಬಿಹೋಗುವದನ್ನು ನೋಡುವಿ.

ಎರಡನೆಯದಾಗಿ, ನಿನಗೆ ಸಲ್ಲತಕ್ಕದ್ದನ್ನು ಕೇಳು. ಕೆಲಸ ಬಿಡುವ ಮುಂಚೆ ಭವಿಷ್ಯನಿಧಿಯ ಲೆಕ್ಕವನ್ನು ವಿಚಾರಿಸು. ಆಧಾರ್ ಚೀಟಿಯಲ್ಲಿರುವ ಹೆಸರೂ ಆ ಲೆಕ್ಕದ ಹೆಸರೂ ಒಂದೇ ಆಗಿವೆಯೋ ನೋಡು. 1995ರ ನೌಕರರ ಪಿಂಚಣಿ ಯೋಜನೆಯ ಪ್ರಕಾರ, ಅದರಲ್ಲಿ ಸೇರಿ 10 ವರುಷದ ಸೇವೆ ತುಂಬಿಸಿದವರಿಗೆ 58ನೆಯ ವಯಸ್ಸಿನಲ್ಲಿ ಪಿಂಚಣಿಯ ಹಕ್ಕುಂಟು. ಅವಸರಪಟ್ಟು ಕೆಲವು ತಿಂಗಳು ಮುಂಚೆ ಕೈಬಿಟ್ಟು ಅದನ್ನು ಕಳಕೊಳ್ಳಬೇಡ. ಕೆಲಸ ಹೋದ ಗಾಬರಿಯಲ್ಲಿ ವಾರದ ಕಂತಿನ ಸಾಲಕ್ಕೆ ಹೆಬ್ಬೆಟ್ಟು ಒತ್ತಬೇಡ. ಈಗಾಗಲೇ ಸಾಲದಲ್ಲಿದ್ದು ವಸೂಲಿಗಾರರ ಪೀಡೆಯಿದ್ದರೆ ಹೆದರಿ ಮನೆಯೊಳಗೆ ಅಡಗಿಕೊಳ್ಳಬೇಡ. ಅಂಥ ಪೀಡೆಯನ್ನು ತಡೆಯಲಿಕ್ಕೆ 2025ರಲ್ಲಿ ಕರ್ನಾಟಕದಲ್ಲಿ ಕಾನೂನಾಗಿದೆ. ಸಭಾಪಾಲಕರಿಗೂ ಹಿರಿಯರಿಗೂ ತಿಳಿಸಿ ಅವರನ್ನು ಜೊತೆಗೆ ಕರಕೊಂಡು ಹೋಗು.

ಮೂರನೆಯದಾಗಿ, ಚಿಕ್ಕದರಿಂದ ಆರಂಭಿಸು, ಒಬ್ಬಳೇ ನಡೆಯಬೇಡ. ನೊವೊಮಿಗೆ ರೂತಳ ಕಾಲುಗಳು ಬೇಕಾದವು. ರೂತಳಿಗೆ ನೊವೊಮಿಯ ಬುದ್ಧಿಯು ಬೇಕಾಯಿತು. ನಮ್ಮ ಸ್ತ್ರೀಯರ ಸಮಾಜಗಳಲ್ಲಿ ಒಬ್ಬ ಹಿರಿಯಳೂ ಒಬ್ಬ ಕಿರಿಯಳೂ ಜೊತೆಯಾಗಿ ತಿಂಗಳಿಗೊಂದು ಸಾರಿಯಾದರೂ ಕೂತು ಮಾತಾಡಿ ಪ್ರಾರ್ಥಿಸಿದರೆ ಎಷ್ಟೋ ಭಾರವು ಇಳಿಯುವದು.

ಸಭೆಯ ಹಿರಿಯರಿಗೂ ಗಂಡಸರಿಗೂ ಒಂದು ಮಾತು. ಬೋವಜನು ರೂತಳಿಗೆ ಕಾಳುಗಳನ್ನು ಚೀಲದಲ್ಲಿ ತುಂಬಿ ಕಳುಹಿಸಿ ಕೈತೊಳಕೊಳ್ಳಲಿಲ್ಲ. ಆಕೆಯನ್ನು ಯಾರೂ ಮುಟ್ಟಬಾರದು, ಗದರಿಸಬಾರದು ಎಂದು ಆಳುಗಳಿಗೆ ಅಪ್ಪಣೆಮಾಡಿದನು. ಸಿವುಡುಗಳಿಂದ ಬೇಕೆಂದೇ ತೆನೆಗಳನ್ನು ಬಿಡಿರೆಂದು ಹೇಳಿದನು. ಆಕೆಯ ದುಡಿಮೆಯ ಮಾನವನ್ನೂ ಉಳಿಸಿದನು, ಹೊಟ್ಟೆಯನ್ನೂ ತುಂಬಿಸಿದನು. ಬೆಳೆಹಬ್ಬದ ದಿನ ವಿಧವೆಗೆ ಒಂದು ಸೀರೆ ಕೊಟ್ಟು ಮಿಕ್ಕ ದಿನಗಳಲ್ಲಿ ಆಕೆಯನ್ನು ಮರೆಯುವ ಸಭೆಯು ಬೋವಜನ ಹೊಲವಲ್ಲ. ಮದುವೆಯ ಮನೆಯಲ್ಲಿ ವಿಧವೆಯನ್ನು ಹಿಂದಕ್ಕೆ ಸರಿಸುವ ಪದ್ಧತಿಯು ನಮ್ಮಲ್ಲಿ ಎಲ್ಲಿಯಾದರೂ ಉಳಿದಿದ್ದರೆ ಅದು ಸುವಾರ್ತೆಗೆ ವಿರೋಧವಾದದ್ದು. ನಿವೃತ್ತಳಾದ ಉಪಾಧ್ಯಾಯಿನಿಗೆ ಭಾನುವಾರದ ಶಾಲೆಯನ್ನು ಒಪ್ಪಿಸಿರಿ. ಲೆಕ್ಕ ಬಲ್ಲವಳನ್ನು ಸಭೆಯ ಲೆಕ್ಕಕ್ಕೆ ಕರೆಯಿರಿ. ಹೊಲಿಗೆ ಬಲ್ಲವಳಿಗೆ ಶಾಲಾಮಕ್ಕಳ ಉಡುಪಿನ ಕೆಲಸವನ್ನು ನ್ಯಾಯವಾದ ಕೂಲಿಗೆ ಕೊಡಿರಿ. ಯೊಪ್ಪದಲ್ಲಿ ತಬಿಥಾ ಸತ್ತಾಗ ವಿಧವೆಯರು ಆಕೆಯು ಹೊಲಿದ ಅಂಗಿಗಳನ್ನು ಪೇತ್ರನಿಗೆ ತೋರಿಸಿ ಅತ್ತರು. ಹೆಂಗಸರ ಕೈಕೆಲಸದ ಬೆಲೆಯನ್ನು ಸತ್ತ ಮೇಲೆ ಅರಿಯುವದಕ್ಕಿಂತ ಇರುವಾಗಲೇ ಅರಿಯುವದು ಲೇಸು.

ಕಡೆಗೆ, ಏನನ್ನೂ ಮಾಡಲಾರದೆ ಹಾಸಿಗೆ ಹಿಡಿದಿರುವ ತಾಯಂದಿರೇ, ಈ ಧ್ಯಾನವು ನಿಮ್ಮನ್ನು ಹೊರಗಿಟ್ಟಿತೆಂದು ನೆನಸಬೇಡಿರಿ. ದೇವರು ನಮ್ಮನ್ನು ಮೊದಲು ಕೆಲಸಕ್ಕಾಗಿ ಕರೆಯಲಿಲ್ಲ. ತನ್ನ ಮಕ್ಕಳಾಗಿರಬೇಕೆಂದು ಕರೆದನು. ಮಗಳೆಂಬ ಪದವಿಗೆ ನಿವೃತ್ತಿಯಿಲ್ಲ. ಒಂದು ಹೆಸರನ್ನು ನೆನಸಿ ಮಾಡುವ ಪ್ರಾರ್ಥನೆಯೂ ಆತನ ಹೊಲದಲ್ಲಿ ಆಯ್ದ ತೆನೆಯೇ ಆಗಿದೆ.

ಪ್ರಾರ್ಥನೆ: ನಮ್ಮ ಪರಲೋಕದ ತಂದೆಯೇ, ಕೆಲಸವು ನಿಂತುಹೋದ ನಿನ್ನ ಮಕ್ಕಳನ್ನು ನೋಡು. ಅವರ ಕಹಿಯನ್ನು ಕೇಳು. ಅವರ ಕೈಯಲ್ಲಿ ಉಳಿದದ್ದನ್ನು ಅವರಿಗೆ ತೋರಿಸು. ಅವರಿಗೆ ಒಬ್ಬ ಜೊತೆಗಾತಿಯನ್ನು ಕೊಡು. ನಮ್ಮ ಸಭೆಗಳಲ್ಲಿ ಬೇಕೆಂದೇ ತೆನೆ ಬಿಡುವ ಮನಸ್ಸನ್ನು ಹುಟ್ಟಿಸು. ಬರಿದಾಗಿ ಬಂದವರನ್ನು ತುಂಬಿಸುವಾತನಾದ ಯೇಸು ಕ್ರಿಸ್ತನ ಹೆಸರಿನಲ್ಲಿ ಬೇಡುತ್ತೇವೆ. ಆಮೆನ್.